ಅಂಕದ ಕೀರ್ತಿ ಯಾರದು?

ಫಲಿತಾಂಶ ಬಂದ ವಾರ ಗಜೇಂದ್ರಗಡದ ಕಡೆ ಖಾಸಗಿ ಕಾಲೇಜುಗಳ ಫ್ಲೆಕ್ಸ್ ಏಳುತ್ತವೆ: ಎಸ್ಸೆಸ್ಸೆಲ್ಸಿಯ 625ಕ್ಕೆ ಇಷ್ಟು, ನೀಟ್‌ನ 720ಕ್ಕೆ ಇಷ್ಟು. ಮುಶಿಗೇರಿಯಿಂದ ಹೋಗುವಾಗ ಆ ಮಕ್ಕಳ ಮುಖ ನೋಡಿ ನನಗೆ ಖುಷಿಯೇ ಆಗುತ್ತದೆ. ದುಡಿದಿದ್ದಾರೆ, ಹೆಸರು ಬರಲಿ. ಆದರೆ ಲಿಂಗಪೂಜೆಯ ಮನೆಯಲ್ಲಿ ಬೆಳೆದ ನನ್ನನ್ನು ಒಂದು ಪ್ರಶ್ನೆ ಬಿಡದು: ಬುದ್ಧಿಯೂ ಪ್ರಸಾದವೇ ಆದರೆ ಅದರ ಕೀರ್ತಿಯನ್ನು ಒಬ್ಬರೇ ಹೇಗೆ ಇಟ್ಟುಕೊಳ್ಳುವುದು?

ಶರಣರು ಕಾಯಕದಲ್ಲಿ ಮೇಲು-ಕೀಳು ಒಪ್ಪಲಿಲ್ಲ. ದುಡಿದದ್ದು ದಾಸೋಹಕ್ಕೆ ಸಲ್ಲಬೇಕೆಂದರು. ಓದು ಕಾಯಕವಾದರೆ 600 ಪಡೆದವಳದೂ ಕಾಯಕ, ಹಿಂಗಾರಿ ಕಡಲಿ ಕಿತ್ತು ಬಂದು 310 ಪಡೆದವನದೂ ಕಾಯಕ. ಅವನ ಮುಖ ಯಾವ ಫ್ಲೆಕ್ಸಿನಲ್ಲೂ ಇಲ್ಲ. ಇದು ಧರ್ಮದ ಲೆಕ್ಕದಲ್ಲೇ ತಪ್ಪು.

ಗದುಗಿನ ವೀರೇಶ್ವರ ಪುಣ್ಯಾಶ್ರಮ ನೋಡಿ. ಪಂಚಾಕ್ಷರಿ ಗವಾಯಿಗಳು, ಅವರ ಬಳಿಕ ಪುಟ್ಟರಾಜ ಗವಾಯಿಗಳು, ಇಬ್ಬರೂ ಅಂಧರು. ಅಂಧ ಮಕ್ಕಳಿಗೆ, ಬಡವರ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಪುಟ್ಟರಾಜರಿಗೆ ಪದ್ಮಭೂಷಣ ಬಂದದ್ದು 2010ರಲ್ಲಿ, ತೊಂಬತ್ತು ದಾಟಿದ ಮೇಲೆ. ಕಲಿಸುವುದು ಅದಕ್ಕಾಗಿ ಕಾದಿರಲಿಲ್ಲ.

ಸನ್ಮಾನ ಏರ್ಪಡಿಸುವ ಶಾಲೆಯವರಲ್ಲಿ ನನ್ನ ಬೇಡಿಕೆ ಇಷ್ಟೇ: ಪದಕ ಪಡೆದ ಮಗುವಿನಿಂದ ಹಿಂದುಳಿದ ಒಬ್ಬರಿಗೆ ಒಂದು ವರ್ಷ ಗಣಿತ ಹೇಳಿಕೊಡಿಸಿ, ಮುಂದಿನ ಸಲ ಇಬ್ಬರನ್ನೂ ವೇದಿಕೆಗೆ ಕರೆಯಿರಿ.