ಕೊಟ್ಟವರ ಹಂಗು

2020ರ ಫೆಬ್ರವರಿ 12ರಂದು ಯುರೋಪಿಯನ್ ಒಕ್ಕೂಟವು ಆಗ್ನೇಯ ಏಷ್ಯಾದ ಎರಡು ನೆರೆಯ ದೇಶಗಳ ಬಗ್ಗೆ ಎರಡು ತೀರ್ಮಾನ ತೆಗೆದುಕೊಂಡಿತು. ಕಾಂಬೋಡಿಯಾಕ್ಕೆ ಕೊಟ್ಟಿದ್ದ ಸುಂಕ ವಿನಾಯಿತಿಯ ಒಂದು ಭಾಗವನ್ನು ಹಿಂತೆಗೆದುಕೊಳ್ಳಲು ಒಕ್ಕೂಟದ ಆಯೋಗ ನಿರ್ಧರಿಸಿತು. ಅಲ್ಲಿ ಮಾನವ ಹಕ್ಕುಗಳ ಗಂಭೀರ ಉಲ್ಲಂಘನೆ ನಡೆದಿದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಅದೇ ದಿನ ಒಕ್ಕೂಟದ ಸಂಸತ್ತು ವಿಯೆಟ್ನಾಂ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. ಆಗಸ್ಟ್ 1ಕ್ಕೆ ವಿಯೆಟ್ನಾಮಿನ ಒಪ್ಪಂದ ಜಾರಿಗೆ ಬಂತು, ಆಗಸ್ಟ್ 12ಕ್ಕೆ ಕಾಂಬೋಡಿಯಾದ ಶಿಕ್ಷೆ.

ಕಾಂಬೋಡಿಯಾದ ತಪ್ಪು ಸಣ್ಣದಲ್ಲ. 2017ರ ನವೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ದೇಶದ ಮುಖ್ಯ ವಿರೋಧ ಪಕ್ಷವನ್ನೇ ವಿಸರ್ಜಿಸಿತ್ತು. ಆದರೆ ವಿಯೆಟ್ನಾಮಿನಲ್ಲಿ ವಿಸರ್ಜಿಸುವುದಕ್ಕೆ ವಿರೋಧ ಪಕ್ಷವೇ ಇಲ್ಲ. ಅಲ್ಲಿರುವುದು ಕಮ್ಯುನಿಸ್ಟ್ ಪಕ್ಷವೊಂದೇ. ಈ ಒಪ್ಪಂದವನ್ನು ಮುಂದೂಡಿ ಎಂದು ಯುರೋಪಿನ ಸಂಸತ್ತನ್ನು ಕೇಳಿಕೊಂಡಿದ್ದ ಪತ್ರಕರ್ತ ಫಾಮ್ ಚಿ ಜುಂಗ್ ಅವರನ್ನು 2019ರ ನವೆಂಬರ್‌ನಲ್ಲಿ ಬಂಧಿಸಲಾಗಿತ್ತು. ಮತದಾನ ನಡೆದಾಗ ಅವರು ಜೈಲಿನಲ್ಲಿದ್ದರು.

ನನ್ನ ಪಿಎಚ್.ಡಿ. ಅಧ್ಯಯನದ ವಿಷಯ ಒಕ್ಕೂಟದ ವ್ಯಾಪಾರ ನೀತಿ. ಒಂದು ಸೆಮಿನಾರಿನಲ್ಲಿ ಈ ಎರಡು ತೀರ್ಮಾನಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದಾಗ ಹಿಂದಿನ ಸಾಲಿನಿಂದ ಒಬ್ಬರು, “ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ” ಅಂದರು. ಎಲ್ಲರೂ ನಕ್ಕೆವು. ಗಾದೆ ಸರಿಯಾಗಿಯೇ ಇದೆ, ಆದರೆ ಅದು ಚರ್ಚೆಯನ್ನು ಬೇಗ ಮುಗಿಸಿಬಿಡುತ್ತದೆ. ಆಷಾಢಭೂತಿತನ ಎಂದು ಬೈದ ಮೇಲೆ ನಾವು ಕೇಳುತ್ತಿರುವುದಾದರೂ ಏನನ್ನು? ವಿಯೆಟ್ನಾಮನ್ನೂ ಶಿಕ್ಷಿಸಿ ಎಂದೋ, ಕಾಂಬೋಡಿಯಾವನ್ನೂ ಬಿಟ್ಟುಬಿಡಿ ಎಂದೋ? ಬೈಗುಳದಲ್ಲಿ ಇದಕ್ಕೆ ಉತ್ತರವಿಲ್ಲ.

ಒಕ್ಕೂಟದ ಬಳಿ ಒಂದು ಉತ್ತರವಿದೆ, ಅದು ಟೊಳ್ಳು ಉತ್ತರವೂ ಅಲ್ಲ. 2001ರಿಂದ ಅದು ಜಗತ್ತಿನ ಅತಿ ಹಿಂದುಳಿದ ದೇಶಗಳಿಗೆ ಒಂದು ಸವಲತ್ತು ಕೊಟ್ಟಿದೆ: ಆಯುಧ ಬಿಟ್ಟು ಏನನ್ನು ಬೇಕಾದರೂ ಸುಂಕವಿಲ್ಲದೆ ನಮ್ಮ ಮಾರುಕಟ್ಟೆಗೆ ತನ್ನಿ. ಬದಲಿಗೆ ಆ ದೇಶಗಳು ತಮ್ಮ ಸುಂಕ ಇಳಿಸಬೇಕಾಗಿಲ್ಲ. ಇದು ಒಂದು ಕಡೆಯಿಂದ ಕೊಟ್ಟದ್ದು. ಕೊಡುವವರು ಷರತ್ತು ಹಾಕಬಹುದು, ಷರತ್ತು ಮುರಿದರೆ ವಾಪಸ್ ಪಡೆಯಬಹುದು. ವಿಯೆಟ್ನಾಮಿನದು ಹಾಗಲ್ಲ. ಅದು ಇಬ್ಬರೂ ಕೊಟ್ಟು ಇಬ್ಬರೂ ಪಡೆಯುವ ಕರಾರು. ಅದರಲ್ಲೂ ಕಾರ್ಮಿಕರ ಹಕ್ಕಿನ ಅಧ್ಯಾಯವಿದೆ, ಸಂಸತ್ತು ಒಪ್ಪಿಗೆ ಕೊಡುವ ಮೊದಲೇ ವಿಯೆಟ್ನಾಂ ಸಾಮೂಹಿಕ ಚೌಕಾಸಿಯ ಹಕ್ಕಿನ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಅಂಗೀಕರಿಸಿತು. ಒಂದು ಕಡೆ ಗದರಿಕೆಯಿಂದ, ಇನ್ನೊಂದು ಕಡೆ ಮಾತುಕತೆಯಿಂದ ಒಂದೇ ಗುರಿಯತ್ತ ಹೋಗುತ್ತಿದ್ದೇವೆ ಎಂಬುದು ಅವರ ವಾದ.

ಈ ವಾದವನ್ನು ಒಪ್ಪಿಕೊಂಡರೂ ಒಂದು ವಿಷಯ ಉಳಿಯುತ್ತದೆ. ಕೊಡುಗೆ ಸಿಗುವುದು ಬಡವರಿಗೆ, ಕರಾರು ಸಿಗುವುದು ಬದಲಿಗೆ ಕೊಡಲು ಏನಾದರೂ ಇರುವವರಿಗೆ. ಹಾಗಾದಾಗ ನೀತಿಯ ಪರೀಕ್ಷೆ ಬಿಗಿಯಾಗುವುದು ಹೆಚ್ಚು ತಪ್ಪು ಮಾಡಿದವರ ಮೇಲಲ್ಲ, ಕೈಯಲ್ಲಿ ಕಡಿಮೆ ಇದ್ದವರ ಮೇಲೆ. ಕನ್ನಡದಲ್ಲಿ ಇದಕ್ಕೆ ಹಂಗು ಎಂಬ ಪದವಿದೆ. ಹಂಗಿನಲ್ಲಿರುವವರನ್ನು ಯಾರೂ ಬಲವಂತ ಮಾಡುವುದಿಲ್ಲ. ಆದರೂ ಅವರಿಗೆ ಬೇಡ ಎನ್ನಲು ಬರುವುದಿಲ್ಲ. ಸೈನ್ಯವಿಲ್ಲದೆ ಪ್ರಭಾವ ಬೀರುವ ಶಕ್ತಿ ಎಂದು ಯುರೋಪಿಯನ್ ಒಕ್ಕೂಟವನ್ನು ಹೊಗಳುವಾಗ ನಾವು ಈ ಮೌನವನ್ನು ಸಮ್ಮತಿ ಎಂದುಕೊಂಡುಬಿಡುತ್ತೇವೆ.

ಹಾಗಿದ್ದರೆ ಷರತ್ತುಗಳೇ ಬೇಡವೇ? ಷರತ್ತಿಲ್ಲದ ಸ್ನೇಹವೂ ಕಾಂಬೋಡಿಯಾಕ್ಕೆ ಸಿಕ್ಕಿತು. 2020ರ ಅಕ್ಟೋಬರ್‌ನಲ್ಲಿ ಅದು ಚೀನಾ ಜೊತೆ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿತು. ವಿರೋಧ ಪಕ್ಷ ಏನಾಯಿತು ಎಂದು ಚೀನಾ ಕೇಳುವುದಿಲ್ಲ. ಇದನ್ನು ಪರಸ್ಪರ ಗೌರವ ಎನ್ನುತ್ತಾರೆ. ಗೌರವ ಯಾರಿಗೆ? ಆಳುವವರಿಗೆ. ಸಂಘ ಕಟ್ಟಿದ್ದಕ್ಕೆ ಪೊಲೀಸರ ಕೈಗೆ ಸಿಕ್ಕಿದ ಕಾರ್ಮಿಕಳಿಗೆ ಹೊರಗಿನವರು ಕೇಳುವ ಪ್ರಶ್ನೆಯೇ ಕೆಲವೊಮ್ಮೆ ಕೊನೆಯ ಆಸರೆ. ಆ ಪ್ರಶ್ನೆಯನ್ನು ಅವಳಿಂದ ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ.

ಆದರೆ ಕಾಂಬೋಡಿಯಾದ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಅವಳಂಥ ಹೆಣ್ಣುಮಕ್ಕಳೇ. ಒಕ್ಕೂಟದ ತೀರ್ಮಾನ ತಟ್ಟಿದ್ದು ಯುರೋಪಿಗೆ ಹೋಗುವ ರಫ್ತಿನ ಸುಮಾರು ಐದನೆಯ ಒಂದು ಭಾಗಕ್ಕೆ, ಅದರಲ್ಲಿ ಕೆಲವು ಬಗೆಯ ಬಟ್ಟೆ ಮತ್ತು ಪಾದರಕ್ಷೆಗಳೂ ಇದ್ದವು. ಆರ್ಡರ್ ಕಡಿಮೆಯಾದರೆ ಮೊದಲು ಹೋಗುವುದು ಅವರ ಕೆಲಸ. ಇತ್ತ ಆಳುವವರ ಕಥೆ ನೋಡಿ. 2023ರ ಜುಲೈ ಚುನಾವಣೆಯಲ್ಲಿ ಪ್ರಬಲ ವಿರೋಧ ಪಕ್ಷಕ್ಕೆ ಸ್ಪರ್ಧಿಸಲು ಅವಕಾಶವೇ ಸಿಗಲಿಲ್ಲ. ಆಗಸ್ಟ್‌ನಲ್ಲಿ ಹುನ್ ಸೆನ್ ಪ್ರಧಾನಿ ಹುದ್ದೆಯನ್ನು ಮಗ ಹುನ್ ಮಾನೆತ್‌ಗೆ ಒಪ್ಪಿಸಿದರು. ಪಾಠ ಕಲಿಯಬೇಕಾದವರು ಕಲಿಯಲಿಲ್ಲ, ಅದರ ಶುಲ್ಕ ಕಟ್ಟುವ ಭಯ ಮಾತ್ರ ಇನ್ಯಾರದೋ ಮನೆಯಲ್ಲಿತ್ತು.

ಇದೇ ಒಕ್ಕೂಟ ತನ್ನ ಮನೆಯೊಳಗಿನವರನ್ನು ಹೇಗೆ ನಡೆಸಿಕೊಂಡಿತು? ಕಾನೂನಿನ ಆಳ್ವಿಕೆಯನ್ನು ಕಡೆಗಣಿಸುವ ಸದಸ್ಯ ದೇಶಕ್ಕೆ ಹಣ ತಡೆಹಿಡಿಯುವ ನಿಯಮವನ್ನು 2020ರ ಕೊನೆಯಲ್ಲಿ ಮಾಡಿದಾಗ, ಹಂಗೇರಿ ಮತ್ತು ಪೋಲೆಂಡ್ ಆ ನಿಯಮದ ವಿರುದ್ಧವೇ ಒಕ್ಕೂಟದ ನ್ಯಾಯಾಲಯಕ್ಕೆ ಹೋದವು. 2022ರ ಫೆಬ್ರವರಿಯಲ್ಲಿ ಸೋತವು. ಡಿಸೆಂಬರ್‌ನಲ್ಲಿ ಹಂಗೇರಿಗೆ ಹೋಗಬೇಕಿದ್ದ 630 ಕೋಟಿ ಯೂರೋ ತಡೆಹಿಡಿಯಲಾಯಿತು. ಶಿಕ್ಷೆ ಇಲ್ಲಿಯೂ ಇದೆ, ಮೊತ್ತವೂ ಸಣ್ಣದಲ್ಲ. ಆದರೆ ಹಂಗೇರಿ ನಿಯಮ ಮಾಡುವ ಮೇಜಿನ ಮುಂದೆ ಕುಳಿತಿತ್ತು, ಮತ ಹಾಕುತ್ತಿತ್ತು, ದಾವೆ ಹೂಡಿತು. ಅದರ ತಕರಾರಿಗೆ ಯಾರೋ ಬರವಣಿಗೆಯಲ್ಲಿ ಉತ್ತರ ಕೊಡಲೇಬೇಕಾಯಿತು. ಸೋತರೂ ಅದು ಹಂಗಿನಲ್ಲಿರಲಿಲ್ಲ.

ಮಲೆನಾಡಿಗೂ ಈ ಮಾತು ಮುಟ್ಟುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಕೊಳ್ಳುವುದಿಲ್ಲ ಎಂದು ಒಕ್ಕೂಟ 2023ರಲ್ಲಿ ಕಾನೂನು ಮಾಡಿದೆ. ಕಾಫಿಯ ಜೊತೆ ಅದು ಬೆಳೆದ ತೋಟದ ಅಕ್ಷಾಂಶ, ರೇಖಾಂಶವನ್ನೂ ಕೊಡಬೇಕು. ಭಾರತದ ಕಾಫಿಗೆ ಯುರೋಪೇ ದೊಡ್ಡ ಮಾರುಕಟ್ಟೆ, ಆ ಕಾಫಿಯ ಬಹುಪಾಲು ಕರ್ನಾಟಕದ್ದು. ಮೂಡಿಗೆರೆ ಹತ್ತಿರ ಆರು ಎಕರೆ ತೋಟವಿರುವ ನನ್ನ ಚಿಕ್ಕಪ್ಪನಿಗೆ ಈ ಕಾನೂನಿನ ಉದ್ದೇಶದ ಬಗ್ಗೆ ತಕರಾರಿಲ್ಲ. ಕಾಡು ಕಡಿದರೆ ಮಳೆ ಏನಾಗುತ್ತದೆಂದು ಅವರಿಗೆ ಯುರೋಪು ಹೇಳಿಕೊಡಬೇಕಾಗಿಲ್ಲ. ಅವರ ಪ್ರಶ್ನೆ ಬೇರೆ. “ಅಲ್ಲ ಕಣೇ, ಮಳೆಗಾಲಕ್ಕೆ ಮುಂಚೆ ನಾವು ಮರಗಸಿ ಮಾಡ್ತೀವಿ. ನೆರಳು ಕಮ್ಮಿ ಆಗುತ್ತೆ. ಮೇಲಿಂದ ಫೋಟೋ ತೆಗೆಯೋರಿಗೆ ಮರಗಸಿ ಯಾವುದು, ಕಾಡು ಕಡಿದಿದ್ದು ಯಾವುದು ಅಂತ ಗೊತ್ತಾಗುತ್ತಾ? ಗೊತ್ತಾಗ್ಲಿಲ್ಲ ಅಂದ್ರೆ ನಾನು ಯಾರನ್ನ ಕೇಳ್ಬೇಕು?”

ಇಂಡೋನೇಷ್ಯಾ, ಬ್ರೆಜಿಲ್ ಸೇರಿದಂತೆ 17 ದೇಶಗಳು 2023ರ ಸೆಪ್ಟೆಂಬರ್‌ನಲ್ಲಿ ಈ ಕಾನೂನಿನ ಬಗ್ಗೆ ಆಕ್ಷೇಪಿಸಿ ಒಕ್ಕೂಟಕ್ಕೆ ಪತ್ರ ಬರೆದವು, ಸಣ್ಣ ರೈತರ ಕಷ್ಟವೂ ಅದರಲ್ಲಿತ್ತು. ಕಾನೂನಿನ ಜಾರಿ ಎರಡು ಬಾರಿ ಮುಂದಕ್ಕೆ ಹೋಗಿದೆ. ಮುಂದೂಡುವುದು ಉತ್ತರ ಕೊಟ್ಟಂತೆ ಅಲ್ಲ.

ಪಾಲುದಾರಿಕೆ ಎಂಬ ಮಾತು ಒಕ್ಕೂಟದ ಪ್ರತಿಯೊಂದು ದಾಖಲೆಯಲ್ಲೂ ಸಿಗುತ್ತದೆ. ಅದನ್ನು ಅಳೆಯಲು ನನಗೆ ತೋಚುವುದು ಚಿಕ್ಕಪ್ಪನ ಕೊನೆಯ ಪ್ರಶ್ನೆಯೇ. ನಿಯಮ ಯಾರ ಬದುಕನ್ನು ಮುಟ್ಟುತ್ತದೋ ಅವರು ಯಾರನ್ನು ಕೇಳಬೇಕು, ಕೇಳಿದರೆ ಉತ್ತರ ಕೊಡುವ ಹೊಣೆ ಯಾರಿಗಾದರೂ ಇದೆಯೇ? ಈ ಅಳತೆಯಲ್ಲಿ ಕಾಂಬೋಡಿಯಾದ ಶಿಕ್ಷೆಯಂತೆಯೇ ವಿಯೆಟ್ನಾಮಿನ ಕರಾರೂ ಸೋಲುತ್ತದೆ. ಕರಾರಿನಿಂದ ಸಮಾನತೆ ಸಿಕ್ಕಿದ್ದು ಹನೋಯಿಯ ಸರ್ಕಾರಕ್ಕೆ. ಫಾಮ್ ಚಿ ಜುಂಗ್ ಅವರಿಗೆ 2021ರ ಜನವರಿಯಲ್ಲಿ 15 ವರ್ಷದ ಜೈಲು ಶಿಕ್ಷೆಯಾಯಿತು.

2020ರ ನವೆಂಬರ್‌ನಲ್ಲಿ ಒಕ್ಕೂಟ ಇಂಥ ವ್ಯಾಪಾರ ವ್ಯವಸ್ಥೆಗಳ ಬಗ್ಗೆ ದೂರು ತೆಗೆದುಕೊಳ್ಳುವ ಒಂದು ಕಿಟಕಿ ತೆರೆಯಿತು. ಕಾರ್ಮಿಕ ಹಕ್ಕುಗಳ ಉಲ್ಲಂಘನೆಯನ್ನೂ ಅಲ್ಲಿ ಹೇಳಬಹುದು. ಆದರೆ ದೂರು ಕೊಡುವವರು ಒಕ್ಕೂಟದೊಳಗಿನವರಾಗಿರಬೇಕು. ಕಾಂಬೋಡಿಯಾದ ಹೊಲಿಗೆ ಕೆಲಸದವಳು ತನ್ನ ಪರವಾಗಿ ಬರೆಯುವ ಒಂದು ಯುರೋಪಿನ ಸಂಸ್ಥೆಯನ್ನು ಮೊದಲು ಹುಡುಕಿಕೊಳ್ಳಬೇಕು. ಕಿಟಕಿ ಇದೆ ಎಂಬುದೇ ದೊಡ್ಡ ವಿಷಯ, ಚೀನಾದ ಒಪ್ಪಂದದಲ್ಲಿ ಅವಳಿಗೆ ಅಷ್ಟೂ ಇಲ್ಲ. ಅದನ್ನು ಹೊರಗಿನವರಿಗೂ ನೇರವಾಗಿ ತೆರೆಯುವುದಕ್ಕೆ ಹೊಸ ಸಿದ್ಧಾಂತವೇನೂ ಬೇಕಿಲ್ಲ. ಹಂಗೇರಿಗೆ ಕೊಟ್ಟ ಮರ್ಯಾದೆಯನ್ನು ಅವಳಿಗೂ ಕೊಟ್ಟರೆ ಸಾಕು.