ವಾರಸುದಾರರಿಲ್ಲದ ಮನೆ

ಇಂಗ್ಲೆಂಡಿನ ಸಸೆಕ್ಸ್ ಸೀಮೆಯಲ್ಲಿ, ಕಕ್‌ಮಿಯರ್ ಎಂಬ ಸಣ್ಣ ಹೊಳೆಯ ಬದಿಗೆ, ಆಲ್‌ಫ್ರಿಸ್ಟನ್ ಎನ್ನುವ ಹಳ್ಳಿ. ಅಲ್ಲಿನ ಇಗರ್ಜಿಯ ಪಕ್ಕದಲ್ಲಿ ಹುಲ್ಲು ಹೊದಿಸಿದ ಮನೆಯೊಂದಿದೆ. 14ನೇ ಶತಮಾನದ್ದು. ‘ಕ್ಲರ್ಜಿ ಹೌಸ್’, ಅಂದರೆ ಪಾದ್ರಿಯ ಮನೆ ಎಂದೇ ಹೆಸರು. ಆದರೆ ಮೊದಲು ಕಟ್ಟಿಸಿಕೊಂಡವನು ಯಾರೋ ಸ್ಥಿತಿವಂತ ರೈತ ಇದ್ದಿರಬೇಕು ಎನ್ನುವವರೂ ಇದ್ದಾರೆ.

ನಡುಮನೆಗೆ ಅಟ್ಟವಿಲ್ಲ, ನೆಲದಿಂದ ಮಾಡಿನವರೆಗೆ ಬಟಾಬಯಲು. ಎರಡು ತುದಿಗಳಲ್ಲಿ ಎರಡೆರಡು ಅಂತಸ್ತು. ಮೇಲಿನ ಅಂತಸ್ತು ಮುಂದಕ್ಕೆ ಚಾಚಿಕೊಂಡಿದೆ. ಇಷ್ಟಕ್ಕೂ ಒಂದೇ ಮಾಡು. ಹಾಗಾಗಿ ನಡುವಿನ ಗೋಡೆ ಸೂರಿನಿಂದ ಹಿಂದೆ ಸರಿದು ನಿಂತಂತೆ ಕಾಣುತ್ತದೆ. ಅಲ್ಲಿ ಬಾಗಿದ ಓಕ್ ಮರದ ತೋಳುಗಳು ಸೂರನ್ನು ಹೊತ್ತಿವೆ. ಆ ಎತ್ತರ ಕಂಡು ನಾವು ಗಾಂಭೀರ್ಯ ಅನ್ನುತ್ತೇವೆ. ಒಲೆ ಇದ್ದದ್ದು ನೆಲದ ನಡುವೆ, ಹೊಗೆಗೂಡಿರಲಿಲ್ಲ. ಮಾಡು ತಗ್ಗಾಗಿದ್ದರೆ ಕೂತವರು ಕೆಮ್ಮಿ ಏಳಬೇಕಾಗುತ್ತಿತ್ತು, ಅಷ್ಟೇ.

ಆ ಒಲೆಯ ಮುಂದೆ ಕೂತವನ ಬಗ್ಗೆ ಯೋಚನೆ ಬರುತ್ತದೆ. ಇಂಗ್ಲೆಂಡಿನಲ್ಲಿ ಪಾದ್ರಿಗಳಿಗೆ ಮದುವೆಯ ಅನುಮತಿ ಸಿಕ್ಕಿದ್ದು 1549ರಲ್ಲಿ. ಅಲ್ಲಿಯವರೆಗೆ ಇಂಥ ಮನೆಗಳಿಗೆ ಮಗ ಎನ್ನುವವನೇ ಇಲ್ಲ. ಇದ್ದರೂ ಮನೆ ಅವನದಾಗುತ್ತಿರಲಿಲ್ಲ, ಅದು ಹುದ್ದೆಗೆ ಸೇರಿದ್ದು. ಒಬ್ಬ ಸತ್ತರೆ ಇನ್ನೊಬ್ಬ ಬಂದು ಅದೇ ಒಲೆ ಹೊತ್ತಿಸಬೇಕು. ಚರ್ಚಿನ ಕಾನೂನಿನಲ್ಲಿ ಇನ್ನೂ ಒಂದು ಮಾತಿತ್ತು: ಸೋರುವ ಮಾಡನ್ನು ಹಾಗೇ ಬಿಟ್ಟು ಪಾದ್ರಿ ತೀರಿಕೊಂಡರೆ, ದುರಸ್ತಿಯ ಖರ್ಚನ್ನು ಅವನ ಆಸ್ತಿಯಿಂದ ಮುಂದಿನವನು ವಸೂಲು ಮಾಡಬಹುದು. ಮನೆ ನಿನ್ನದಲ್ಲ, ಸೋರಿಕೆ ಮಾತ್ರ ನಿನ್ನದು. ಸತ್ತವನ ಬಂಧುಗಳಿಗೆ ಇದು ಎಷ್ಟು ರುಚಿಸಿತೋ! ನನಗಂತೂ, ಭೂಮಿಯ ಮೇಲೆ ನಮಗಿರುವ ಹಕ್ಕನ್ನು ಇದಕ್ಕಿಂತ ನೇರವಾಗಿ ಯಾವ ಕಾನೂನೂ ಬರೆದಿಟ್ಟಂತೆ ಕಾಣುವುದಿಲ್ಲ.

ಕಾನೂನಿದ್ದೂ ಮನೆ ಹಾಳುಬಿತ್ತು. 19ನೇ ಶತಮಾನದ ಕೊನೆಗೆ ಕೆಡವುವ ಮಾತೂ ಬಂದಿತ್ತು. ಸಮಾಜ ಸುಧಾರಕಿ ಆಕ್ಟೇವಿಯಾ ಹಿಲ್ ಮತ್ತು ಇನ್ನಿಬ್ಬರು ಸೇರಿ 1895ರಲ್ಲಿ ಹುಟ್ಟುಹಾಕಿದ, ಹಳೆಯ ಕಟ್ಟಡಗಳನ್ನೂ ಜಾಗಗಳನ್ನೂ ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ, ಮರುವರ್ಷವೇ ಇದನ್ನು 10 ಪೌಂಡಿಗೆ ಕೊಂಡಿತು. ಅದು ಕೊಂಡ ಮೊದಲ ಕಟ್ಟಡ ಇದೇ. ದುರಸ್ತಿಗೆ ತಗುಲಿದ್ದು ಬೆಲೆಯ ಎಷ್ಟೋ ಪಟ್ಟು! ಸೋರಿಕೆ ಮತ್ತೊಬ್ಬರ ಪಾಲಿಗೆ ಬಂತು.

ನಡುಮನೆಯ ನೆಲ ಸುತ್ತಲಿನ ಗುಡ್ಡಗಳ ಸೀಮೆಸುಣ್ಣದ ಕಲ್ಲಿನದ್ದು. ಕುಟ್ಟಿ, ಹುಳಿ ಹಾಲು ಸೇರಿಸಿ, ಬಡಿದು ಗಟ್ಟಿ ಮಾಡುವುದು ಅಲ್ಲಿಯ ಹಳೆಯ ರೂಢಿ. ಸಗಣಿ ಸಾರಿಸಿದ ನೆಲದ ಮೇಲೆ ಆಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತನ್ನದಲ್ಲದ ಮನೆಯ ನೆಲಕ್ಕೆ, ಮುಂದೆ ಯಾರು ತುಳಿಯುತ್ತಾರೋ ಗೊತ್ತಿಲ್ಲದೆ, ಕೊಡಗಟ್ಟಲೆ ಹಾಲು ಸುರಿಯುವುದು! ಹಾಲು ಹುಳಿತದ್ದು ಎನ್ನುವುದನ್ನೂ ಮರೆಯಬಾರದು.