ಮರದ ರೋಗ, ಮನುಷ್ಯನ ರೋಗ

ಅಡಿಕೆ ಮರಕ್ಕೆ ರೋಗ ಬಂದರೆ ತೀರ್ಥಹಳ್ಳಿಯ ಕಡೆಯ ನಾವು ವಿಜ್ಞಾನವನ್ನು ನಂಬುತ್ತೇವೆ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಧ್ಯಯನ ಮಾಡಿ, ಮೈಲುತುತ್ತ–ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವುದನ್ನು ಬಳಕೆಗೆ ತಂದರು. ಇಂದಿಗೂ ಮಳೆ ಹಿಡಿಯುವ ಮೊದಲು ಔಷಧಿ ಹೊಡೆಸಲು ಕೊನೆಗಾರರಿಗಾಗಿ ಅಲೆಯುತ್ತೇವೆ. ಎಲೆಚುಕ್ಕಿ ರೋಗ ಬಂದಾಗಲೂ ಸಂಶೋಧನೆಯಾಗಲಿ ಎಂದೇ ಒತ್ತಾಯಿಸಿದೆವು.

ಅದೇ ವಿಜ್ಞಾನ ಅಡಿಕೆಯ ಬಗ್ಗೆ ಮಾತಾಡಿದಾಗ ಮಾತ್ರ ನಮಗೆ ಸಂಶಯ. ಹೊಗೆಸೊಪ್ಪು ಸೇರದ ಎಲೆ ಅಡಿಕೆಯೂ, ಬರೀ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂಬ ತೀರ್ಮಾನವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿತು. 2022ರಲ್ಲಿ ಜಗತ್ತಿನಲ್ಲಿ ಕಾಣಿಸಿಕೊಂಡ ಬಾಯಿ ಕ್ಯಾನ್ಸರ್‌ಗಳಲ್ಲಿ ಸುಮಾರು 1,20,000 ಪ್ರಕರಣಗಳಿಗೆ ಅಡಿಕೆ ಮತ್ತು ಜಗಿಯುವ ತಂಬಾಕು ಕಾರಣವೆಂದು ಅದೇ ಸಂಸ್ಥೆಯ ಅಂದಾಜು. ಹೆಚ್ಚಿನವು ಭಾರತದವು.

‘ನಮ್ಮಜ್ಜಿ ತೊಂಬತ್ತು ವರ್ಷ ಕವಳ ಹಾಕಿದರು, ಏನಾಯಿತು?’ ಎಂಬ ಉತ್ತರ ನಮ್ಮಲ್ಲಿ ಸಿದ್ಧವಾಗಿರುತ್ತದೆ. ಔಷಧಿ ಕಾಣದ ಒಂದು ಮರ ಕೊಳೆಯಿಂದ ಉಳಿಯಿತೆಂದು ಉಳಿದ ಮರಗಳಿಗೆ ಔಷಧಿ ಹೊಡೆಸುವುದನ್ನು ನಾವು ಬಿಡುತ್ತೇವೆಯೆ?

ಇನ್ನೊಂದು ಉತ್ತರ ಹೊಸದು: ‘ಈಗ ಎಲ್ಲದಕ್ಕೂ ಔಷಧಿ ಬಂದಿದೆಯಲ್ಲ.’ ಬಂದಿರುವುದು ನಿಜ. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಔಷಧಿಗಳು ದುಬಾರಿ. ಮುಂಬೈಯ ಟಾಟಾ ಆಸ್ಪತ್ರೆಯ ವೈದ್ಯರು ಅಂಥದೊಂದನ್ನು, ನಿವೊಲುಮ್ಯಾಬನ್ನು, ಮಾಮೂಲಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಪ್ರಮಾಣದಲ್ಲಿ ಮಾತ್ರೆಗಳ ಜೊತೆ ಕೊಟ್ಟು ನೋಡಿದರು. ಬಾಯಿ, ಗಂಟಲುಗಳ ಕ್ಯಾನ್ಸರ್ ಕೈಮೀರಿದ್ದ ರೋಗಿಗಳಲ್ಲಿ ವರ್ಷದ ಬಳಿಕ ಬದುಕಿದ್ದವರು ಬರೀ ಮಾತ್ರೆಗಳಲ್ಲಿ ನೂರಕ್ಕೆ 16. ಈ ಔಷಧಿಯೂ ಸೇರಿದಾಗ 43. ಬಡವರಿಗೂ ನಿಲುಕಲಿ ಎಂಬ ಕಾಳಜಿಯಿಂದ ಹುಟ್ಟಿದ ಈ ಸಂಶೋಧನೆ ನನಗೆ ದೊಡ್ಡದಾಗಿ ಕಾಣುತ್ತದೆ. ಆದರೂ ಉಳಿದ 57 ಜನ ವರ್ಷ ತುಂಬುವ ಮೊದಲೇ ಹೋದರು. ಅವರ ಎದುರು ನಿಂತು ‘ಔಷಧಿ ಬಂದಿದೆಯಲ್ಲ’ ಎನ್ನಲಾಗದು.

ಹಾಗೆಂದು ಬೆಳೆಗಾರನನ್ನು ಕಟಕಟೆಗೆ ನಿಲ್ಲಿಸುವುದು ಸುಲಭದ ನ್ಯಾಯ. ನಾನು ಓದಿದ್ದೂ ಅಡಿಕೆಯ ದುಡ್ಡಿನಲ್ಲೇ. ಮನೆಗೆ ಬಂದವರ ಮುಂದೆ ಎಲೆ ಅಡಿಕೆ ತಟ್ಟೆ ಇಡುವುದು ನಮ್ಮಲ್ಲಿ ಮರ್ಯಾದೆ. ಎರಡು ಎಕರೆ ತೋಟದವನಿಗೆ ನಾಳೆಯೇ ಮರ ಕಡಿ ಎನ್ನುವವರು ಅವನ ಸಾಲ ತೀರಿಸುವುದಿಲ್ಲ. ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲೆಯನ್ನೂ ತಂಬಾಕನ್ನೂ ಬೇರೆ ಬೇರೆ ಪೊಟ್ಟಣದಲ್ಲಿ ಮಾರುವವರ ಲಾಭ ಅವನಿಗೆ ಸೇರುವುದೂ ಇಲ್ಲ.

ಅವನಿಂದ ಇಂದೇ ಕೇಳಬಹುದಾದದ್ದು ಒಂದೇ, ತಿಳಿದದ್ದನ್ನು ತಿಳಿದಿಲ್ಲ ಎನ್ನದಿರುವುದು. ಅಡಿಕೆ ನಿರಪಾಯ ಎಂದು ಸಾಧಿಸುತ್ತಿರುವವರೆಗೆ ಬೇರೆ ಬೆಳೆಗೆ ಹೊರಳಲು ಕಾಲಾವಕಾಶ, ನೆರವು ಕೊಡಿ ಎಂದು ಸರ್ಕಾರವನ್ನು ಕೇಳಲು ನಮಗೆ ಬಾಯಿಯೇ ಇರುವುದಿಲ್ಲ. ಬೆಳೆಗಾರರ ಸಭೆಗಳಲ್ಲಿ ಬೆಲೆ, ಆಮದು, ಎಲೆಚುಕ್ಕಿಯ ಜೊತೆಗೆ ಊರೂರಿನಲ್ಲಿ ಬಾಯಿ ತಪಾಸಣೆ ನಡೆಯಲಿ ಎಂಬ ಬೇಡಿಕೆಯೂ ಸೇರಬೇಕು. ಬಾಯೊಳಗಿನ ಬಿಳಿ ಮಚ್ಚೆಯನ್ನು ಹುಡುಕಲು ಒಂದು ಟಾರ್ಚು, ಕಲಿತ ಒಂದು ಜೊತೆ ಕಣ್ಣು ಸಾಕು. ಮರಕ್ಕೆ ಇಷ್ಟು ಮಾಡುವ ನಾವು ಮನುಷ್ಯರಿಗೂ ಅಷ್ಟು ಮಾಡಬಹುದು.